ಫ್ರಾನ್ಸ್‌ನ ಬ್ರಿಟನಿ ಕರಾವಳಿ: ನೋಡೋದು ಬಹುಪಾಲು ಪುಕ್ಕಟೆ, ದುಡ್ಡು ಹೋಗೋದು ಹಾಸಿಗೆಗೆ

ಪ್ರಶ್ನೆ: ನಾವು ಮೈಸೂರಿನವರು, ಐದು ಜನ. ನಾನು, ನಮ್ಮ ಯಜಮಾನರು, 14 ಮತ್ತು 9 ವರ್ಷದ ಇಬ್ಬರು ಮಕ್ಕಳು, ಅತ್ತೆ. ಬರುವ ಬೇಸಿಗೆ ರಜೆಯಲ್ಲಿ ಹತ್ತು ಹನ್ನೆರಡು ದಿನ ಫ್ರಾನ್ಸ್‌ಗೆ ಹೋಗೋಣ ಅಂತಿದ್ದೇವೆ. ಸಮುದ್ರ ಬೇಕು, ಹಳೇ ಕೋಟೆ-ಊರುಗಳು ಬೇಕು. ದಕ್ಷಿಣದ ಕರಾವಳಿಯ ನೀಸ್ ಕಡೆ ರೇಟು ಕೇಳಿಯೇ ಸುಸ್ತಾಯಿತು. ಬ್ರಿಟನಿ ಅಗ್ಗ ಅಂತ ಪರಿಚಯದವರು ಹೇಳಿದರು, ನಿಜವಾ? ನಾವು ಸಸ್ಯಾಹಾರಿಗಳು. ಮೊಟ್ಟೆ ನಡೆಯುತ್ತೆ, ಅತ್ತೆಗೆ ಮಾತ್ರ ನಡೆಯಲ್ಲ. ಅವರಿಗೆ ಮೊಣಕಾಲು ನೋವು ಬೇರೆ. ತುದಿಯಲ್ಲಿ ಮಠ ಇರುವ ಮಾಂಟ್ ಸೇಂಟ್ ಮಿಷೆಲ್ ದ್ವೀಪ ನೋಡಲೇಬೇಕು ಅಂತ ದೊಡ್ಡ ಮಗಳ ಹಟ.

ಉತ್ತರ: ಅಗ್ಗ ಅನ್ನೋದು ಅರ್ಧ ನಿಜ. ಆಗಸ್ಟ್‌ನಲ್ಲಿ ಬ್ರಿಟನಿಯ ಸಮುದ್ರ ಕಾಣುವ ಹೋಟೆಲ್ ರೂಮು ಎಲ್ಲ ಕಡೆಯಷ್ಟೇ ದುಬಾರಿ. ಆದರೆ ನೀವು ನೋಡಬೇಕು ಅಂತಿರುವ ಕೋಟೆ ಗೋಡೆ, ಹಳೇ ಊರು, ಐದಾರು ಸಾವಿರ ವರ್ಷದ ಕಲ್ಲುಗಳು, ಸಮುದ್ರದ ಅಂಚಿನ ಕಾಲುದಾರಿ, ಇವೆಲ್ಲ ಅಲ್ಲಿ ಬಹುಪಾಲು ಪುಕ್ಕಟೆ. ದುಡ್ಡು ಹೋಗೋದು ಮಲಗೋದಕ್ಕೆ ಮತ್ತು ಊರಿಂದ ಊರಿಗೆ ಓಡಾಡೋದಕ್ಕೆ. ಆದ್ದರಿಂದ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹತ್ತು ದಿನದಲ್ಲಿ ಏಳು ಊರು ಅನ್ನುವ ಪಟ್ಟಿಯನ್ನು ಹರಿದು ಹಾಕಿ. ಎರಡೇ ಕಡೆ ಬೀಡು ಬಿಡಿ. ಉತ್ತರ ದಡದಲ್ಲಿ ಸೇಂಟ್ ಮಾಲೊ, ದಕ್ಷಿಣ ದಡದಲ್ಲಿ ವಾನ್ ಅಥವಾ ಓರೇ. ಪ್ಯಾರಿಸ್ ಬೇಕಿದ್ದರೆ ಕೊನೆಯ ಎರಡು ದಿನ ಇಟ್ಟುಕೊಳ್ಳಿ.

ಯಾವಾಗ ಹೋಗಬೇಕು ಅನ್ನೋದರಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಫ್ರಾನ್ಸ್‌ನ ಶಾಲೆಗಳಿಗೆ ದೊಡ್ಡ ರಜೆ ಜುಲೈ-ಆಗಸ್ಟ್. ನಮ್ಮ ಮಕ್ಕಳ ರಜೆ ಏಪ್ರಿಲ್-ಮೇ. ಹಾಗಾಗಿ ಮೇ ತಿಂಗಳಲ್ಲಿ ಅದೇ ಮನೆ, ಅದೇ ರೂಮು ಸಾಕಷ್ಟು ಕಡಿಮೆಗೆ ಸಿಗುತ್ತೆ. ಮೇ 1, ಮೇ 8 ಮತ್ತು ಏಸುವಿನ ಸ್ವರ್ಗಾರೋಹಣದ ಗುರುವಾರ, ಇಂಥ ರಜೆಗಳ ಅಕ್ಕಪಕ್ಕ ಮಾತ್ರ ಜನ ಜಾಸ್ತಿ, ರೇಟೂ ಜಾಸ್ತಿ. ಅವನ್ನು ತಪ್ಪಿಸಿ ಮೇ ಮಧ್ಯದಿಂದ ಕೊನೆವರೆಗೆ ಇಟ್ಟುಕೊಳ್ಳಿ. ರಾತ್ರಿ ಒಂಬತ್ತೂವರೆ ದಾಟಿದರೂ ಬೆಳಕಿರುತ್ತೆ. ಮಳೆ ಯಾವಾಗ ಬೇಕಾದರೂ ಬರಬಹುದು, ಅರ್ಧ ಗಂಟೆಯಲ್ಲಿ ನಿಂತೂ ಹೋಗಬಹುದು. ಛತ್ರಿ ಬೇಡ, ಆ ಗಾಳಿಗೆ ಮುರಿದೇ ಹೋಗುತ್ತೆ. ಟೋಪಿ ಇರುವ ರೇನ್‌ಕೋಟ್ ಒಯ್ಯಿರಿ. ನೀರು ಮೇ ತಿಂಗಳಲ್ಲಿ ತಣ್ಣಗೆ ಕೊರೆಯುತ್ತೆ, ಈಜುವ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ.

ವೀಸಾ ವಿಷಯ ಬೇಗ ಮುಗಿಸುತ್ತೇನೆ. ನಿಮಗೆ ಬೇಕಾದ್ದು ಷೆಂಗೆನ್ ವೀಸಾ, ಅರ್ಜಿ ಬೆಂಗಳೂರಿನ ಕೇಂದ್ರದಲ್ಲೇ ಕೊಡಬಹುದು. ಶುಲ್ಕ ದೊಡ್ಡವರಿಗೆ 90 ಯೂರೋ. 6ರಿಂದ 11 ವರ್ಷದ ಮಕ್ಕಳಿಗೆ 45. ಅಂದರೆ ನಿಮ್ಮ ಹಿರಿ ಮಗಳು ದೊಡ್ಡವರ ಲೆಕ್ಕಕ್ಕೇ ಬರುತ್ತಾಳೆ. ಇದರ ಮೇಲೆ ಕೇಂದ್ರದವರ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ, ಅತ್ತೆಯವರ ವಯಸ್ಸಿಗೆ ಪ್ರೀಮಿಯಂ ಸ್ವಲ್ಪ ಜಾಸ್ತಿ ಬರುತ್ತೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ಬೇಸಿಗೆ ನೂಕುನುಗ್ಗಲಿಗೆ ಮುಂಚೆ, ಅಂದರೆ ಜನವರಿ-ಫೆಬ್ರವರಿಯಲ್ಲೇ, ಈ ಕೆಲಸ ಮುಗಿಸಿ. ವೀಸಾ ಕೈಗೆ ಬರುವ ತನಕ ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವ ಬುಕಿಂಗ್ ಮಾತ್ರ ಮಾಡಿ.

ಪ್ಯಾರಿಸ್‌ನ ಮಾಂಪರ್ನಾಸ್ ಸ್ಟೇಷನ್‌ನಿಂದ ಬ್ರಿಟನಿಯ ರಾಜಧಾನಿ ರೆನ್‌ಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ. ಷಾರ್ಲ್ ದ ಗಾಲ್ ವಿಮಾನ ನಿಲ್ದಾಣದ ಕೆಳಗಿನ ಸ್ಟೇಷನ್‌ನಿಂದಲೇ ರೆನ್‌ಗೆ ನೇರ ರೈಲೂ ಕೆಲವು ಇವೆ. ಹೊತ್ತು ಹೊಂದಿದರೆ ಪ್ಯಾರಿಸ್ ಊರೊಳಗೆ ಕಾಲಿಡುವ ಅಗತ್ಯವೇ ಇಲ್ಲ. ಈ ರೈಲುಗಳ ದರ ವಿಮಾನದ ಟಿಕೆಟ್ ಥರ ಏರುತ್ತಾ ಹೋಗುತ್ತೆ. ಬುಕಿಂಗ್ ತೆರೆದ ವಾರವೇ ತೆಗೆದರೆ ಅರ್ಧಕ್ಕರ್ಧ ಉಳಿಯುವುದೂ ಉಂಟು. ರೆನ್ ದಾಟಿದ ಮೇಲಿನ ಪ್ಯಾಸೆಂಜರ್ ರೈಲು, ಬಸ್ಸುಗಳಿಗೆ ಈ ಆತುರ ಬೇಡ. ಅವು ಬ್ರೇಜ್‌ಗೋ ಅನ್ನುವ ಹೆಸರಲ್ಲಿ ಓಡುತ್ತವೆ, ಪ್ರಾಂತ್ಯ ಸರ್ಕಾರದ್ದು. ಬಸ್ ಟಿಕೆಟ್ ಕೆಲವೇ ಯೂರೋ. ಭಾನುವಾರ ಮಾತ್ರ ಅವನ್ನು ನಂಬಿ ಕೂರಬೇಡಿ.

ಇನ್ನು ಸೇಂಟ್ ಮಾಲೊ. ಇಲ್ಲಿಗೆ ನಾಲ್ಕೈದು ರಾತ್ರಿ ಕೊಡಿ. ಕೋಟೆಯೊಳಗೆ ಉಳಿಯಬೇಡಿ, ಅಲ್ಲಿ ರೂಮಿನ ಜೊತೆಗೆ ಹೆಸರಿಗೂ ದುಡ್ಡು ಕೊಡಬೇಕು. ಸ್ಟೇಷನ್ ಸುತ್ತಮುತ್ತ ಅಥವಾ ಪಕ್ಕದ ಸೇಂಟ್ ಸರ್ವಾಂ ಕಡೆ ಅಡುಗೆಮನೆ ಇರುವ ಫ್ಲ್ಯಾಟ್ ಹಿಡಿಯಿರಿ. ಊರಿನ ಕೋಟೆ ಗೋಡೆಯ ಮೇಲೆ ಸುತ್ತಲೂ ನಡೆಯಬಹುದು, ಹತ್ತಿರ ಹತ್ತಿರ ಎರಡು ಕಿಲೋಮೀಟರ್. ಟಿಕೆಟ್ ಇಲ್ಲ, ಗೇಟಿಲ್ಲ, ಹೊತ್ತುಗೊತ್ತಿಲ್ಲ. ಅತ್ತೆಯವರು ಮೆಟ್ಟಿಲು ಒಮ್ಮೆ ಹತ್ತಿಬಿಟ್ಟರೆ ಆಮೇಲೆ ನಡಿಗೆ ಬಹುಪಾಲು ಸಮತಟ್ಟು.

ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೂದು ಗ್ರಾನೈಟಿನ ಎತ್ತರದ ಮನೆಗಳು. ಎಲ್ಲ ಮುನ್ನೂರು ವರ್ಷ ಹಳೆಯವು ಅನ್ನಿಸುತ್ತೆ. ಅಲ್ಲ. 1944ರ ಆಗಸ್ಟ್‌ನ ಬಾಂಬು, ಬೆಂಕಿಯಲ್ಲಿ ಕೋಟೆಯೊಳಗಿನ ಊರು ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೆಲಸಮವಾಯಿತು. ಗೋಡೆ ಮಾತ್ರ ಹೆಚ್ಚೂಕಡಿಮೆ ಉಳಿಯಿತು. ಆಮೇಲೆ ಹಳೇ ರೂಪದಲ್ಲೇ, ಅದೇ ಗ್ರಾನೈಟಿನಲ್ಲಿ ಊರನ್ನು ಮತ್ತೆ ಕಟ್ಟಿದರು. ಇದನ್ನು ತಿಳಿದುಕೊಂಡು ನಡೆದರೆ ಮಕ್ಕಳು ಯಾವುದು ಹಳೇದು, ಯಾವುದು ಹೊಸದು ಅಂತ ಹುಡುಕೋದೇ ಒಂದು ಆಟವಾಗುತ್ತೆ.

ಈ ಊರಿನವರು ರಾಜನ ಪರವಾನಗಿ ಇಟ್ಟುಕೊಂಡು ಶತ್ರು ದೇಶದ ಹಡಗು ದೋಚುತ್ತಿದ್ದ ಕಾರ್ಸೇರ್‌ಗಳು. ಅವರಲ್ಲಿ ರಾಬರ್ಟ್ ಸರ್ಕೂಫ್ 1800ರಲ್ಲಿ ನಮ್ಮ ಬಂಗಾಳ ಕೊಲ್ಲಿಯಲ್ಲೇ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಕೆಂಟ್ ಅನ್ನುವ ದೊಡ್ಡ ಹಡಗನ್ನು ಹಿಡಿದ. 1746ರಲ್ಲಿ ಇಂಗ್ಲಿಷರ ಕೈಯಿಂದ ಮದ್ರಾಸ್ ಕಿತ್ತುಕೊಂಡ ಲಾ ಬೂರ್ಡೊನೇ ಹುಟ್ಟಿದ್ದೂ ಇಲ್ಲೇ. ಕೆನಡಾದ ಸೇಂಟ್ ಲಾರೆನ್ಸ್ ಕಡೆಗೆ 1534ರಲ್ಲಿ ಹೊರಟ ಝಾಕ್ ಕಾರ್ತಿಯೇ ಕೂಡ ಇಲ್ಲಿಯವನೇ.

ಇಲ್ಲಿ ನಿಜವಾಗಿ ಬಾಯಿ ಬಿಟ್ಟು ನೋಡೋದು ನೀರನ್ನು. ನಮ್ಮ ಮಂಗಳೂರು, ಕಾರವಾರದ ಕಡೆ ಉಬ್ಬರಕ್ಕೂ ಇಳಿತಕ್ಕೂ ಒಂದೆರಡು ಮೀಟರ್ ವ್ಯತ್ಯಾಸ. ಸೇಂಟ್ ಮಾಲೊದಲ್ಲಿ ದೊಡ್ಡ ಉಬ್ಬರದ ದಿನ ಅದು 12-13 ಮೀಟರ್. ಬೆಳಿಗ್ಗೆ ಕೋಟೆ ಗೋಡೆಗೆ ಬಡಿಯುತ್ತಿದ್ದ ನೀರು ಮಧ್ಯಾಹ್ನಕ್ಕೆ ದೂರ ಸರಿದು, ದ್ವೀಪ ಅಂದುಕೊಂಡಿದ್ದ ಜಾಗಕ್ಕೆ ನಡೆದು ಹೋಗಬಹುದು. ಹಾಗೆ ನಡೆದು ಹೋಗುವ ಗ್ರಾಂ ಬೇ ಅನ್ನುವ ಗುಡ್ಡದ ತುದಿಯಲ್ಲಿ ಲೇಖಕ ಷಾತೋಬ್ರಿಯಾಂನ ಸಮಾಧಿ ಇದೆ. ಕಬ್ಬಿಣದ ಕಟಾಂಜನ, ಒಂದು ಕಲ್ಲಿನ ಶಿಲುಬೆ, ಮುಂದೆ ಬರೀ ಸಮುದ್ರ. ಸಮಾಧಿಯ ಮೇಲೆ ಹೆಸರೂ ಇಲ್ಲ, ಅದು ಅವನದೇ ಇಚ್ಛೆ. ಹೋಗುವ ದಾರಿಯ ಕಲ್ಲುಗಳು ಪಾಚಿ ಕಟ್ಟಿ ಜಾರುತ್ತವೆ, ಅತ್ತೆಯವರನ್ನು ಈ ಕಡೆ ಮರಳಿನಲ್ಲೇ ಕೂರಿಸಿ. ಇನ್ನೊಂದು ಎಚ್ಚರಿಕೆ: ನೀರು ಏರತೊಡಗಿದ್ದನ್ನು ಗಮನಿಸದೆ ಕೂತರೆ ಮತ್ತೆ ಇಳಿಯುವ ತನಕ ಐದಾರು ಗಂಟೆ ಅಲ್ಲೇ ಗತಿ. ನೀರು ಸ್ವಲ್ಪವೇ ಇದೆ ಅಂತ ದಾಟುವ ಸಾಹಸ ಬೇಡವೇ ಬೇಡ.

ಉಬ್ಬರ-ಇಳಿತದ ವೇಳಾಪಟ್ಟಿ ಪ್ರವಾಸಿ ಕಚೇರಿಯಲ್ಲಿ ಸಿಗುತ್ತೆ. ಅದರಲ್ಲಿ ಪ್ರತಿ ಉಬ್ಬರಕ್ಕೊಂದು ಅಂಕಿ ಇರುತ್ತೆ, 20ರಿಂದ 120ರವರೆಗೆ. ಅಂಕಿ ದೊಡ್ಡದಾದಷ್ಟೂ ನೀರಿನ ಆಟ ಜೋರು. ಟಿಕೆಟ್ ತೆಗೆಯುವ ಮುಂಚೆ ಅಂದಾಜು ಬೇಕಿದ್ದರೆ ಮನೆಯ ಪಂಚಾಂಗವೇ ಸಾಕು: ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ದೊಡ್ಡ ಉಬ್ಬರ ಬರುತ್ತೆ. ಸೇಂಟ್ ಮಾಲೊ ದಿನಗಳನ್ನು ಅದಕ್ಕೆ ಹೊಂದಿಸಿದರೆ ಒಂದು ಪೈಸೆ ಖರ್ಚಿಲ್ಲದೆ ಆ ಕರಾವಳಿಯ ಅತಿ ದೊಡ್ಡ ತಮಾಷೆ ನೋಡಿದಂತೆ. ಮಗಳಿಗೆ ವಿಜ್ಞಾನದಲ್ಲಿ ಆಸಕ್ತಿ ಇದ್ದರೆ ಊರಾಚೆ ರಾನ್ಸ್ ನದಿಯ ಬಾಯಿಗೆ ಕಟ್ಟಿದ ವಿದ್ಯುತ್ ಸ್ಥಾವರವನ್ನೂ ತೋರಿಸಿ. ಈ ಉಬ್ಬರದಿಂದಲೇ 1966ರಿಂದ ಕರೆಂಟು ತೆಗೆಯುತ್ತಿದ್ದಾರೆ, ಸಾಮರ್ಥ್ಯ 240 ಮೆಗಾವಾಟ್. ಅದರ ನೆತ್ತಿಯ ಮೇಲೆಯೇ ರಸ್ತೆ ಹೋಗುತ್ತೆ.

ಒಂದು ದಿನ ಬಸ್ಸಿನಲ್ಲಿ ದಿನಾಂಗೆ ಹೋಗಿಬನ್ನಿ. ಮರದ ಚೌಕಟ್ಟಿನ ಹಳೇ ಮನೆಗಳ ಊರು, ಕೋಟೆ ಗೋಡೆ ಇನ್ನೂ ಗಟ್ಟಿಯಾಗಿದೆ. ಅಲ್ಲಿಂದ ನದಿಗೆ ಇಳಿಯುವ ಝೆರ್ಜುವಾಲ್ ಬೀದಿ ಚೆಂದ, ಆದರೆ ಕಡಿದಾದ ಕಲ್ಲುಹಾಸು. ಮೊಣಕಾಲಿಗೆ ಅದು ಶತ್ರು, ಹಿರಿಯರು ಮೇಲೆಯೇ ಇರಲಿ.

ಊಟದ ವಿಷಯಕ್ಕೆ ಬಂದರೆ, ಸಸ್ಯಾಹಾರಿಗಳಿಗೆ ಫ್ರಾನ್ಸ್‌ನಲ್ಲಿ ಬ್ರಿಟನಿಯಷ್ಟು ಸುಲಭದ ಜಾಗ ಕಡಿಮೆ ಅನ್ನುತ್ತೇನೆ. ಕಾರಣ ಗ್ಯಾಲೆಟ್. ಬಕ್‌ವೀಟ್ ಹಿಟ್ಟು, ಅಂದರೆ ಉತ್ತರ ಭಾರತದವರ ಕುಟ್ಟು, ನೀರು, ಉಪ್ಪು. ಇಷ್ಟೇ. ನೋಡೋಕೆ ರಾಗಿ ದೋಸೆಯ ದೊಡ್ಡಣ್ಣ. ಸಂತೆಯಲ್ಲಿ ಹುಯ್ಯೋದನ್ನು ನಿಂತು ನೋಡಿ. ಬಿಲಿಗ್ ಅನ್ನುವ ದೊಡ್ಡ ದುಂಡು ಕಾವಲಿ, ಅದರ ಮೇಲೆ ಒಂದು ಸೌಟು ಹಿಟ್ಟು. ರೊಜೆಲ್ ಅನ್ನುವ ಮರದ ಕೋಲನ್ನು ಮಣಿಕಟ್ಟು ಮಾತ್ರ ತಿರುಗಿಸುತ್ತಾ ಒಂದೇ ಸುತ್ತಿಗೆ ಹರಡುತ್ತಾರೆ. ಅಂಚು ಎದ್ದ ಕೂಡಲೇ ಒಂದು ಉಂಡೆ ಉಪ್ಪಿನ ಬೆಣ್ಣೆ, ಮೇಲೆ ತುರಿದ ಚೀಸ್. ನಾಲ್ಕೂ ಕಡೆ ಮಡಚಿ ಚೌಕ ಮಾಡಿ ಕೊಡುತ್ತಾರೆ.

ಮೆನುವಿನಲ್ಲಿ ಕೋಂಪ್ಲೆತ್ ಅಂತಿದ್ದರೆ ಹಂದಿ ಮಾಂಸ, ಮೊಟ್ಟೆ, ಚೀಸ್ ಮೂರೂ ಇರುತ್ತೆ. ನೀವು ‘ಸಾನ್ ಝಾಂಬೋಂ’ ಅನ್ನಿ, ಮಾಂಸ ಬಿಟ್ಟು ಕೊಡುತ್ತಾರೆ. ಅಣಬೆ-ಚೀಸ್, ತರಕಾರಿ ಗ್ಯಾಲೆಟ್ ಎಲ್ಲ ಕಡೆ ಇದ್ದೇ ಇರುತ್ತೆ. ಅತ್ತೆಯವರಿಗಾಗಿ ಎರಡು ಪ್ರಶ್ನೆ ಕೇಳಲೇಬೇಕು. ಹಿಟ್ಟಿಗೆ ಮೊಟ್ಟೆ ಹಾಕಿದ್ದೀರಾ ಅನ್ನೋದು ಒಂದು, ಕೆಲವರು ಹಾಕುತ್ತಾರೆ. ಕಾವಲಿಗೆ ಏನು ಸವರುತ್ತೀರಿ ಅನ್ನೋದು ಇನ್ನೊಂದು. ಹಳೇ ಪದ್ಧತಿಯಲ್ಲಿ ಹಂದಿ ಕೊಬ್ಬು ಸವರುತ್ತಿದ್ದರು, ಈಗ ಬೆಣ್ಣೆ ಅಥವಾ ಎಣ್ಣೆ ಬಳಸುವವರು ಬೇಕಾದಷ್ಟಿದ್ದಾರೆ. ಕ್ರೇಪ್ ಅನ್ನುವ ತೆಳು ಸಿಹಿ ದೋಸೆಗೆ ಗೋಧಿ ಮೈದಾ ಜೊತೆ ಮೊಟ್ಟೆ ಖಂಡಿತ ಇರುತ್ತೆ. ಇನ್ನೂ ಕಟ್ಟುನಿಟ್ಟು ಅನ್ನುವುದಾದರೆ, ಅಲ್ಲಿನ ಹಲವು ಚೀಸ್‌ಗಳಿಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ಇದು ತಿಳಿದಿರಲಿ. ಕುಡಿಯೋಕೆ ಲೇ ರಿಬೊ ಕೇಳಿ. ಅದು ಮಜ್ಜಿಗೆ, ಗ್ಯಾಲೆಟ್ ಜೊತೆ ಅವರು ಅದನ್ನೇ ಕುಡಿಯುತ್ತಾ ಬಂದವರು. ಬೆಣ್ಣೆ-ಸಕ್ಕರೆಯಲ್ಲೇ ಮುಳುಗಿಸಿದ ಕ್ವಿನ್ ಅಮಾನ್ ಅನ್ನುವ ಸಿಹಿಯನ್ನೂ ಬಿಡಬೇಡಿ. ಒಂದು ತುಂಡು ಇಬ್ಬರಿಗೆ ಸಾಕು.

ಹೋಟೆಲ್‌ನಲ್ಲಿ ಗ್ಯಾಲೆಟ್ ಒಂದಕ್ಕೆ ಸುಮಾರು ಎಂಟರಿಂದ ಹನ್ನೆರಡು ಯೂರೋ. ಯೂರೋಗೆ ನೂರು ರೂಪಾಯಿ ಮೀರಿ ಲೆಕ್ಕ ಹಿಡಿದರೆ ಐದು ಜನಕ್ಕೆ ಒಂದು ಊಟ ಐದು ಸಾವಿರದ ಮೇಲೆ. ದಿನಕ್ಕೆ ಎರಡು ಸಲ ಹೀಗೆ ತಿಂದರೆ ಎಲ್ಲಿಯ ಉಳಿತಾಯ? ಮಧ್ಯಾಹ್ನ ಒಮ್ಮೆ ಹೊರಗೆ ತಿನ್ನಿ, ಹಲವು ಕಡೆ ಮಧ್ಯಾಹ್ನಕ್ಕೆ ಕಡಿಮೆ ದರದ ಫಾರ್ಮುಲ್, ಅಂದರೆ ಸೆಟ್ ಊಟ, ಇರುತ್ತೆ. ಹನ್ನೆರಡರಿಂದ ಎರಡರೊಳಗೆ ಹೋಗಿ, ಆಮೇಲೆ ಅಡುಗೆಮನೆ ಮುಚ್ಚುತ್ತೆ. ಬಾಟಲಿ ನೀರು ಬೇಡ, ‘ಕರಾಫ್ ದೋ’ ಅನ್ನಿ, ಜಗ್ಗಿನಲ್ಲಿ ನಲ್ಲಿ ನೀರು ಸುಮ್ನೆ ಕೊಡುತ್ತಾರೆ. ರಾತ್ರಿ ಮನೆಯಲ್ಲೇ ಅನ್ನ, ಸಾರು. ಸಾರಿನ ಪುಡಿ, ಉಪ್ಪಿನಕಾಯಿ, ಒಂದು ಚಿಕ್ಕ ಕುಕ್ಕರ್ ನೀವೇ ಒಯ್ಯುತ್ತೀರಿ ಅಂತ ನನಗೆ ಗೊತ್ತು. ಅಕ್ಕಿ, ತರಕಾರಿ, ಮೊಸರು ಅಲ್ಲಿನ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತೆ. ಇಡೀ ಫ್ರಾನ್ಸ್ ತುಂಬಾ ಇರುವ ಲೆಕ್ಲೇರ್ ಅಂಗಡಿಗಳು 1949ರಲ್ಲಿ ಶುರುವಾಗಿದ್ದೂ ಬ್ರಿಟನಿಯ ಲಾಂದೆರ್ನೋ ಅನ್ನುವ ಊರಲ್ಲೇ. ಭಾನುವಾರ ಮಧ್ಯಾಹ್ನದ ಮೇಲೆ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ. ಶನಿವಾರ ಬೆಳಿಗ್ಗೆ ರೆನ್‌ನಲ್ಲಿದ್ದರೆ ಲಿಸ್ ಚೌಕದ ಸಂತೆಗೆ ಹೋಗಿ, ಫ್ರಾನ್ಸ್‌ನ ದೊಡ್ಡ ಸಂತೆಗಳಲ್ಲಿ ಅದೂ ಒಂದು.

ಎರಡನೇ ಬೀಡಿಗೆ ಒಂದು ವಾರ ಇಡಿ. ಅಲ್ಲಿ ಝೀತ್ ಹಿಡಿಯಿರಿ, ಅಂದರೆ ಹಳ್ಳಿ ಕಡೆ ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಪೂರ್ತಿ ಮನೆ. ಮೇ ತಿಂಗಳಲ್ಲಿ ಐದು ಜನಕ್ಕೆ ಆಗುವ ಮನೆ ಸಮುದ್ರದಿಂದ ಹತ್ತು ಕಿಲೋಮೀಟರ್ ಒಳನಾಡಿನಲ್ಲಿ ವಾರಕ್ಕೆ ಐನೂರರಿಂದ ಏಳುನೂರು ಯೂರೋ ಆಸುಪಾಸಿಗೆ ಹುಡುಕಿದರೆ ಸಿಗುತ್ತೆ. ಸಮುದ್ರ ಕಾಣಬೇಕು ಅಂದ ತಕ್ಷಣ ರೇಟು ಜಿಗಿಯುತ್ತೆ. ದರದ ಕೆಳಗಿನ ಸಣ್ಣ ಅಕ್ಷರ ಓದಿ. ಹಾಸಿಗೆ ಬಟ್ಟೆ, ಟವಲ್, ಕೊನೆಗೆ ಮನೆ ಕ್ಲೀನಿಂಗ್, ಇವುಗಳಿಗೆ ಹಲವರು ಬೇರೆ ದುಡ್ಡು ಹಾಕುತ್ತಾರೆ. ಕ್ಲೀನಿಂಗ್ ನೀವೇ ಮಾಡಿಕೊಟ್ಟರೆ ಆ ದುಡ್ಡು ಉಳಿಯುವುದುಂಟು.

ಈ ವಾರಕ್ಕೆ ಮಾತ್ರ ಕಾರು ತೆಗೆದುಕೊಳ್ಳಿ, ಅದೂ ರೆನ್‌ನಲ್ಲಿ. ಕಾರಣ ಇದೆ. ಬ್ರಿಟನಿಯ ಒಳಗೆ ಹೆದ್ದಾರಿಗೆ ಟೋಲ್ ಇಲ್ಲ. ರಾಣಿ ಆನ್ ತನ್ನ ನಾಡನ್ನು ಫ್ರಾನ್ಸ್‌ಗೆ ಸೇರಿಸುವಾಗ ಹಾಕಿದ ಷರತ್ತು ಅದು ಅಂತ ಜನ ಕಥೆ ಹೇಳುತ್ತಾರೆ. ಆನ್ ಸತ್ತಿದ್ದು 1514ರಲ್ಲಿ, ನಾಡು ಸೇರಿದ್ದು 1532ರಲ್ಲಿ. ಟೋಲ್ ಇಲ್ಲದಿರುವುದಕ್ಕೆ ನಿಜವಾದ ಕಾರಣ 1960ರ ದಶಕದ ಕೊನೆಯಲ್ಲಿ ಹಿಂದುಳಿದ ಬ್ರಿಟನಿಗೆ ಸರ್ಕಾರ ಹಾಕಿಕೊಟ್ಟ ರಸ್ತೆ ಯೋಜನೆ. ಪ್ಯಾರಿಸ್‌ನಿಂದಲೇ ಕಾರಲ್ಲಿ ಬಂದರೆ ದಾರಿಯಲ್ಲಿ ಟೋಲ್ ಕಟ್ಟಬೇಕು. ಹೊರಡುವ ಮುಂಚೆ ಮೈಸೂರಿನ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಜೊತೆಗೆ ನಮ್ಮ ಲೈಸೆನ್ಸೂ ಇರಬೇಕು. ಓಡಿಸುವವರ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಇರಲಿ, ಠೇವಣಿ ಅದರ ಮೇಲೆಯೇ ಹಿಡಿಯುತ್ತಾರೆ. ಗೇರ್ ಇರುವ ಕಾರು ಅಗ್ಗ. ಐದು ಜನ ಅಂದರೆ ಕೂರೋದಕ್ಕಿಂತ ಡಿಕ್ಕಿಯದೇ ಸಮಸ್ಯೆ, ಸೂಟ್‌ಕೇಸ್ ಎಣಿಸಿ ಗಾಡಿ ಆರಿಸಿ. ಪೆಟ್ರೋಲ್ ಸೂಪರ್‌ಮಾರ್ಕೆಟ್ ಬಂಕ್‌ನಲ್ಲಿ ಹಾಕಿಸಿ.

ಈ ಭಾಗದ ದೊಡ್ಡ ಆಕರ್ಷಣೆ ಕಾರ್ನಾಕ್. ಹತ್ತಿರ ಹತ್ತಿರ ಮೂರು ಸಾವಿರ ಕಲ್ಲುಗಳು ಹೊಲದಲ್ಲಿ ಸಾಲು ಸಾಲಾಗಿ ನಿಂತಿವೆ. ಕೆಲವು ಮೊಣಕಾಲೆತ್ತರ, ಕೆಲವು ಆಳಿಗಿಂತ ಎತ್ತರ. ನಿಲ್ಲಿಸಿ ಐದಾರು ಸಾವಿರ ವರ್ಷ ದಾಟಿದೆ. ಯಾಕೆ ನಿಲ್ಲಿಸಿದರು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ. ಊರವರ ಕಥೆ ಬೇರೆ: ಬೆನ್ನಟ್ಟಿ ಬಂದ ರೋಮನ್ ಸೈನಿಕರನ್ನು ಸಂತ ಕೊರ್ನೆಲಿ ಕಲ್ಲು ಮಾಡಿದ. ದನಕರುಗಳನ್ನು ಕಾಯುವ ಸಂತ ಅವನು, ಕಾರ್ನಾಕ್ ಚರ್ಚಿನ ಮುಖದಲ್ಲೇ ಅವನ ಎರಡೂ ಪಕ್ಕ ಎತ್ತುಗಳಿವೆ. ಈ ಕಲ್ಲುಗಳು 2025ರ ಜುಲೈನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಗಂಗಾವತಿ ಹತ್ತಿರದ ನಮ್ಮ ಹಿರೇಬೆಣಕಲ್ ಇನ್ನೂ ತಾತ್ಕಾಲಿಕ ಪಟ್ಟಿಯಲ್ಲೇ ಕಾಯುತ್ತಿದೆ. ಕಾಲ ಬೇರೆ, ಜನ ಬೇರೆ, ಆದರೆ ಹಿರೇಬೆಣಕಲ್‌ನ ಕಲ್ಲಿನ ಮನೆಗಳನ್ನು ಮೊದಲೇ ನೋಡಿದ ಮಕ್ಕಳು ಕಾರ್ನಾಕ್‌ನಲ್ಲಿ ಹೆಚ್ಚು ಪ್ರಶ್ನೆ ಕೇಳುತ್ತಾರೆ.

ಬೇಸಿಗೆಯ ತಿಂಗಳುಗಳಲ್ಲಿ ಬೇಲಿಯೊಳಗೆ ಹೋಗಲು ಗೈಡ್ ಜೊತೆಗಿನ ಟಿಕೆಟ್ ಬೇಕು. ಜನರ ತುಳಿತಕ್ಕೆ ಕಲ್ಲಿನ ಬುಡದ ಮಣ್ಣು ಸವೆದು ಹೋಗುತ್ತಿತ್ತು, ಅದಕ್ಕೇ 1991ರಲ್ಲಿ ಬೇಲಿ ಬಂತು. ಬೇಲಿ ಗಿಡ್ಡ. ಪಕ್ಕದಲ್ಲೇ ಮೆನೆಕ್ ಅನ್ನುವ ಕಲ್ಲುಸಾಲಿನಿಂದ ಕೆರ್ಮಾರಿಯೊ ಸಾಲು ದಾಟಿ ಕೆರ್ಲೆಸ್ಕಾನ್ ಸಾಲಿನವರೆಗೆ ಪುಕ್ಕಟೆ ನಡೆಯಬಹುದು. ನನ್ನ ಕೇಳಿದರೆ ನಿಮಗೆ ಅಷ್ಟೇ ಸಾಕು. ಸಂಜೆ ಹೋಗಿ, ಬಿಸಿಲು ಓರೆಯಾದಾಗ ಸಾಲುಗಳು ಚೆನ್ನಾಗಿ ಕಾಣುತ್ತವೆ. ಉಳಿಸಿದ ಟಿಕೆಟ್ ದುಡ್ಡನ್ನು ಪಕ್ಕದ ಲೊಕ್ಮರಿಯಾಕೆರ್‌ಗೆ ಹಾಕಿ. ಅಲ್ಲಿ ನಾಲ್ಕು ತುಂಡಾಗಿ ಬಿದ್ದಿರುವ ಒಂದೇ ಕಲ್ಲು ನಿಂತಿದ್ದಾಗ 20 ಮೀಟರ್ ಎತ್ತರವಿತ್ತು. ಅದರ ಪಕ್ಕದ ಗೋರಿಯ ಚಾವಣಿ ಕಲ್ಲಿನ ಮೇಲೆ ಅರ್ಧ ಎತ್ತಿನ ಚಿತ್ರ ಇದೆ. ಉಳಿದರ್ಧ ಸಿಕ್ಕಿದ್ದು ನೀರಿನಾಚೆ ಗಾವ್ರಿನಿಸ್ ದ್ವೀಪದ ಗೋರಿಯ ಚಾವಣಿಯಲ್ಲಿ! ಒಂದೇ ದೊಡ್ಡ ಕಲ್ಲನ್ನು ಒಡೆದು ಎರಡು ಕಡೆಗೂ ಸಾಗಿಸಿದ್ದರು.

ಮೈಸೂರಿನವರಾದ್ದರಿಂದ ಲೋರಿಯಾಂ ಕಡೆಗೂ ಒಂದು ದಿನ ಇಡಿ. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ ಶುರುವಾದದ್ದು 1664ರಲ್ಲಿ, ಅದರ ಹಡಗುಗಳು ಪಾಂಡಿಚೇರಿಗೆ ಹೊರಡುತ್ತಿದ್ದ ಬಂದರು ಇದು. ಸಿಟಿ ಬಸ್ಸಿನ ಟಿಕೆಟ್‌ನಲ್ಲೇ ಬಂದರು ದಾಟಿಸುವ ದೋಣಿ ಇದೆ. ಆಚೆ ದಡದ ಪೋರ್ ಲೂಯಿ ಕೋಟೆಯೊಳಗೆ ಆ ಕಂಪನಿಯ ಮ್ಯೂಸಿಯಂ. ನಮ್ಮ ಕಡೆಯಿಂದ ಹೋದ ಅಚ್ಚು ಹಾಕಿದ ಹತ್ತಿ ಬಟ್ಟೆಗಳನ್ನು ನೋಡಿ. ಅವು ಅಲ್ಲಿ ಎಷ್ಟು ಜನಪ್ರಿಯವಾದವು ಅಂದರೆ, ನೇಕಾರರ ಗಲಾಟೆಗೆ 1686ರಲ್ಲಿ ಅವನ್ನು ನಿಷೇಧ ಮಾಡಿ 1759ರ ತನಕ ಹಾಗೇ ಇಟ್ಟರು. ಟಿಪ್ಪು ಸುಲ್ತಾನ್ 1787ರಲ್ಲಿ ಫ್ರಾನ್ಸ್‌ನ ರಾಜ ಹದಿನಾರನೇ ಲೂಯಿಯ ಬಳಿಗೆ ಕಳಿಸಿದ ರಾಯಭಾರಿಗಳು ವಾಪಸ್ ಹಡಗು ಹತ್ತಿದ್ದೂ ಬ್ರಿಟನಿಯಿಂದಲೇ, ಇನ್ನೂ ಪಶ್ಚಿಮಕ್ಕಿರುವ ಬ್ರೆಸ್ಟ್ ಬಂದರಿನಿಂದ. ಅದಕ್ಕಾಗಿ ಬ್ರೆಸ್ಟ್‌ವರೆಗೆ ಹೋಗುವುದು ಬೇಡ. ದೂರ ಜಾಸ್ತಿ, ಆ ಊರೂ ಯುದ್ಧದಲ್ಲಿ ನಾಶವಾಗಿ ಮತ್ತೆ ಕಟ್ಟಿದ್ದು.

ಮಧ್ಯೆ ಬಿಡುವಿನ ದಿನ ಜಿಆರ್ 34 ಅನ್ನುವ ಕರಾವಳಿ ಕಾಲುದಾರಿ ಹಿಡಿಯಿರಿ. ಸುಮಾರು 2,000 ಕಿಲೋಮೀಟರ್ ಉದ್ದ, ಕಳ್ಳಸಾಗಣೆ ಹಿಡಿಯಲು ಸುಂಕದ ಪೇದೆಗಳು ಗಸ್ತು ತಿರುಗಿ ಮಾಡಿದ ದಾರಿ. ಎಲ್ಲಿ ಬೇಕಾದರೂ ಹತ್ತಿ, ಸಾಕಾದಲ್ಲಿ ತಿರುಗಿ ಬನ್ನಿ.

ಕೊನೆಗೆ ಮಗಳ ಹಟ. ಮಾಂಟ್ ಸೇಂಟ್ ಮಿಷೆಲ್ ಇರೋದು ಗಡಿಯಾಚೆ ನಾರ್ಮಂಡಿಯಲ್ಲಿ, ಕೂಯೆನೋನ್ ನದಿ ದಾಟಿದ ಮೇಲೆ. ಬ್ರಿಟನಿಯವರಿಗೆ ಇದರ ಬಗ್ಗೆ ಇವತ್ತಿಗೂ ಹೊಟ್ಟೆಯುರಿ. ಖಂಡಿತ ಕರೆದುಕೊಂಡು ಹೋಗಿ. ಅದಕ್ಕಾಗಿ ಅಲ್ಲೇ ರಾತ್ರಿ ಉಳಿಯಬೇಡಿ. ರೆನ್‌ನಿಂದ ಬಸ್ಸಿದೆ, ಕಾರು ಕೈಗೆ ಬಂದ ದಿನವೂ ಹೋಗಬಹುದು. ಪಾರ್ಕಿಂಗ್ ದುಬಾರಿ, ಎರಡು ಕಿಲೋಮೀಟರಿಗಿಂತ ದೂರ. ಅಲ್ಲಿಂದ ದ್ವೀಪಕ್ಕೆ ಬಸ್ ಪುಕ್ಕಟೆ. ದ್ವೀಪದ ಊರೊಳಗೆ ಹೋಗಲೂ ಟಿಕೆಟ್ ಇಲ್ಲ. ಟಿಕೆಟ್ ಇರೋದು ತುದಿಯ ಮಠಕ್ಕೆ ಮಾತ್ರ. ದೊಡ್ಡವರಿಗೆ ಹದಿನೈದು ಯೂರೋ ಆಸುಪಾಸು, ಹದಿನೆಂಟರ ಒಳಗಿನವರಿಗೆ ಪುಕ್ಕಟೆ. ಅಲ್ಲಿಗೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು, ಅತ್ತೆಯವರಿಗೆ ಆಗಲ್ಲ. ನಿಮ್ಮಲ್ಲೊಬ್ಬರು ಅವರ ಜೊತೆ ಸೇತುವೆಯ ಮೇಲೆ ಇರಿ, ದ್ವೀಪ ಪೂರ್ತಿ ಕಾಣೋದೂ ಅಲ್ಲಿಂದಲೇ. ಮಠದ ಟಿಕೆಟ್ ಬೆಳಗಿನ ಮೊದಲ ಹೊತ್ತಿಗೆ ಆನ್‌ಲೈನ್‌ನಲ್ಲೇ ತೆಗೆಯಿರಿ, ಹನ್ನೊಂದರ ನಂತರ ಆ ಒಂದೇ ಬೀದಿಯಲ್ಲಿ ಕಾಲಿಡಲು ಜಾಗ ಇರಲ್ಲ. ಸುತ್ತಲಿನ ಮರಳಿನಲ್ಲಿ ಗೈಡ್ ಇಲ್ಲದೆ ನಡೆಯಲು ಮಕ್ಕಳನ್ನು ಬಿಡಬೇಡಿ, ಕಾಲು ಹೂತುಹೋಗುವ ಜಾಗಗಳಿವೆ. ಚಿತ್ರಾನ್ನ ಕಟ್ಟಿಕೊಂಡು ಹೋಗಿ. ಅಲ್ಲಿನ ಹೆಸರಾಂತ ಆಮ್ಲೆಟ್ ಒಂದಕ್ಕೆ ಕೊಡುವ ದುಡ್ಡಲ್ಲಿ ರೆನ್‌ನಲ್ಲಿ ಮೂರು ನಾಲ್ಕು ಜನ ಗ್ಯಾಲೆಟ್ ತಿನ್ನಬಹುದು.